ಕುಲುಕಿದ ನಳಿಗೆ

ಸಂಜೆ ಗೋವಾದ ಕೊರ್ಲಿಮ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತಿದ್ದ ಇಬ್ಬರೂ ಸಸ್ಯ ಸಂಶೋಧನೆಯ ಲ್ಯಾಬೊಂದರ ಸಹಾಯಕಿಯರು. ಹೊಸಬಳು ಶೈಲಾ ಅಳುತ್ತಿದ್ದಳು.

“ಏನ್ ಮಾಡಿದೆವ್ವಾ?” ಎಂದಳು ಹಿರಿಯಳು ಮಂಗಲಾ.

“ಎಲಿ ಜೀವಕೋಶದ ನಳಿಗಿ ಮಷಿನ್‌ಗೆ ಒಯ್ದು ಕೊಡು ಅಂದ್ರು ಮೇಡಮ್ಮರು. ಕೋಶ ತಳಕ್ಕ ಕುಂತಿದ್ವು. ಮಗನ ಕೆಮ್ಮಿನ ಔಷಧದಂಗ ಚಲೋ ಕುಲುಕಿ ಕೊಟ್ಟೆ.”

ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

“ಅಯ್ಯ ನಮ್ಮವ್ವ! ಆ ಕೋಶಕ್ಕ ಸುತ್ತಲಿನ ಗ್ವಾಡಿ ತಗದಿರ್ತಾರ. ಕುಲುಕಿದ್ರ ಒಡೀತಾವ.”

“ಎಲ್ಲಾ ಒಡದ್ವು. ಹೊಳಿಯೋ ಕೋಶ ಆರಿಸಾಕ ಮಷಿನ್‌ಗೆ ಒಂದೂ ಉಳೀಲಿಲ್ಲ.”

“ಮೇಡಮ್ಮರು ಕೆಲಸದಿಂದ ತಗದ್ರೇನು?”

“ಇಲ್ರಿ ಅಕ್ಕಾ. ನಾಳಿ ಹೊಸಾ ಎಲಿ ಕತ್ತರಸೂಣು, ಲಗೂ ಬಾ ಅಂದ್ರು.”

“ಮತ್ಯಾಕ ಅಳ್ತಿ?”

“ನಾಳಿನೂ ನಳಿಗಿ ನಾನ ಒಯ್ಯಬೇಕಂತ.”

ಬಸ್ಸು ಬಂತು. ಶೈಲಾ ತನ್ನ ಖಾಲಿ ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು, ನಿಧಾನವಾಗಿ ಮೆಟ್ಟಿಲು ಹತ್ತಿದಳು.