ತಮ್ಮ ಕೊಟ್ಟ ಜೋಳ

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬ್ಲಫ್ ಎಂಬ ಊರಿನ ಬಸ್ಸಿಗೆ ಕಾಯುತ್ತಿದ್ದ ನಯನಳ ಪಕ್ಕದಲ್ಲೇ ಅಕ್ಕ, ತಮ್ಮ ಇಬ್ಬರು ಬಂದು ಕೂತರು. ಅಕ್ಕನ ಮಡಿಲಲ್ಲಿ ಡಾಕ್ಟರು ಬರೆದುಕೊಟ್ಟ ಪುಡಿಯ ಪೊಟ್ಟಣವಿತ್ತು. ತಮ್ಮ ನೆಲ ನೋಡುತ್ತಲೇ ಕೇಳಿದ.

“ಅಕ್ಕ, ನಾನ್ ಕೊಟ್ಟ ಜೋಳ ತಿಂದೇ ನಿಮ್ ಫಾರಂ ಕೋಳಿ ಸತ್ವಾ?”

“ಜೋಳಕ್ಕೆ ಬೂಷ್ಟು ಹಿಡ್ದಿತ್ತು ಕಣ್ಲಾ ಶಿವರಾಜು. ಅದ್ರ ವಿಸ ಲಿವರಿಗೆ ಇಳ್ದದೆ ಅಂದ್ರು ಡಾಕ್ಟ್ರು.”

“ಒಣಗ್ಸೇ ಮೂಟೆ ಕಟ್ಟಿದ್ದೆ ಕಣಕ್ಕ.”

“ನಂಗೊತ್ತಿಲ್ವಾ? ಸೋರೋ ಸೆಡ್ನಲ್ಲಿ ಮಡಗಿದೋಳು ನಾನು.”

ಅದು ನಿಜವೋ, ತಮ್ಮನ ಸಮಾಧಾನಕ್ಕೆ ಹೇಳಿದ ಮಾತೋ, ನಯನಳಿಗೆ ತಿಳಿಯಲಿಲ್ಲ.

“ಈ ಪುಡಿ ಬೆರ್ಸುದ್ರೆ ಮಿಕ್ಕಿರೋ ಜೋಳ ಆಕ್ಬೋದಾ?”

“ಬ್ಯಾಡ, ಅದನ್ನ ಸುಟ್ಟಾಕು ಅಂದವ್ರೆ. ಕೋಳಿ ಕರುಳಲ್ಲಿ ಕಣ್ಗೆ ಕಾಣ್ದಿರೋ ಒಳ್ಳೇ ಜೀವ್ಗಳು ಇರ್ತವಂತೆ. ಈ ಪುಡಿ ಅವ್ಕೆ ಊಟ. ಅವು ಗಟ್ಟಿಯಾದ್ರೆ ಉಳ್ದಿರೋ ಕೋಳಿಗಳು ಚೇತರಿಸ್ಕಂಡ್ರೂ ಚೇತರಿಸ್ಕಬೋದು.”

ಶಿವರಾಜು ಎದ್ದು ನಿಂತ. “ನಾನ್ ಊರಿಗೋಯ್ತೀನಿ ಅಕ್ಕ. ಭಾವನ್ ಮುಕ ಎಂಗ್ ನೋಡ್ಲಿ?”

“ಲೇ, ಕೂತ್ಕಳ್ಳಾ. ನಿಮ್ ಭಾವ ಕೋಳಿ ಚಿಂತೆ ಬುಟ್ಟು, ‘ಶಿವರಾಜು ತನ್ ದನಕ್ಕೂ ಅದೇ ಜೋಳ ಆಕ್ಬುಟ್ಟಾನು, ಮೊದ್ಲು ಅವ್ನಿಗೆ ಯೋಳು’ ಅಂದ್ರು.”

ಅವನು ತಲೆಯೆತ್ತಿ ಅಕ್ಕನತ್ತ ನೋಡಿದ.

“ಅಂಗಂದ್ರಾ ಭಾವ?”

“ಊಂ ಕಣ್ಲಾ.”

ಅಷ್ಟರಲ್ಲಿ ಅಕ್ಕನ ಊರಿಗೆ ಹೋಗುವ ಪೂರಿಗಾಲಿ ಬಸ್ಸು ಬಂತು. ಶಿವರಾಜು ಪಕ್ಕಕ್ಕೆ ತಿರುಗಿ ಕಣ್ಣೊರೆಸಿಕೊಂಡ. ಆಮೇಲೆ ಜನರನ್ನು ಸರಿಸಿಕೊಂಡು ಅಕ್ಕನಿಗಿಂತ ಮೊದಲೇ ಬಸ್ಸು ಹತ್ತಿ, ಒಳಗಿನಿಂದ ಅವಳತ್ತ ಕೈ ಚಾಚಿದ.