ಒಂದೇ ಥರದ ನೀರು

ಐಸ್ ಕಾರ್ಖಾನೆಯ ಸಾಲಿನಲ್ಲಿ ಮೀನು ಮಾರುವವಳ ಮುಂದೆ ಅಣ್ಣತಮ್ಮಂದಿರಿಬ್ಬರು ನಿಂತಿದ್ದರು. ದೋಣಿ ನಡೆಸುವ ಅಣ್ಣ, ಪಕ್ಕದ ಐಸ್ ಗಡ್ಡೆ ಕಲ್ಲಿನ ಕಟ್ಟೆಯೋ ಎಂಬಂತೆ ಅದರ ಮೇಲೆ ಅಂಗೈ ಊರಿಕೊಂಡಿದ್ದ.

“ನಿನ್ನೆ ಪಕ್ಕದವ್ರಿಗೆ ದೋಣಿ ತುಂಬ ಟ್ಯೂನಾ ಸಿಕ್ತಂತೆ, ಅಣ್ಣ.”

“ಎಲ್ಲಿ?”

“ಬೆಚ್ಚನೆ ನೀರು ತಣ್ಣೀರಿಗೆ ಸೇರೋ ಗೆರೆ ಮೇಲೆ. ನಾವು ಅದನ್ನ ದಾಟ್ಕೊಂಡೇ ಹೋದ್ವು.”

“ಗೆರೆ ಎಲ್ಲಿತ್ತೋ? ನೀರಲ್ಲಿ ಕೈ ಇಳಿಬಿಟ್ಟು ನೋಡ್ದೆನಲ್ಲ, ಎಲ್ಲಾ ಕಡೆ ಒಂದೇ ಥರ ಇತ್ತು.”

“ಒಂದು ಥರ್ಮಾಮೀಟರ್ ಹಾಕ್ಸೋಣ.”

“ಈ ಕೈ ಇರೋವಾಗ ಅದೆಲ್ಲ ಯಾಕೋ?”

ಸರದಿ ಬಂತು, ಇಬ್ಬರೂ ಒಳಗೆ ಹೋದರು.

ಅಣ್ಣ ಕೈಯೂರಿದ್ದಲ್ಲಿ ಐಸು ಕರಗಿ, ಐದು ಬೆರಳಿನ ಕುಳಿ ಬಿದ್ದಿತ್ತು. ಹಿಂದೆ ನಿಂತಿದ್ದ ಮೀನು ಮಾರುವವಳು ಅದರೊಳಗೆ ತನ್ನ ಅಂಗೈ ಇಟ್ಟು ನೋಡಿದಳು. ತಣ್ಣನೆಯ ಕೊರೆತ ತಡೆಯಲಾರದೆ ಇಟ್ಟಷ್ಟೇ ಬೇಗ ಎಳೆದುಕೊಂಡಳು.