ಚೀಟಿಯ ಕೊನೆಯಲ್ಲಿ ‘ಅದು’

ಕೊರೋನಾ ಕಾಲದ ಮಾತು. ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ, ‘ನಾನಿದ್ದೀನಿ, ಹೆಂಗಸರು ಹೊಸಿಲು ದಾಟಬೇಡಿ’ ಅಂದ. ಚೀಟಿ ಬರೆಸಿಕೊಂಡು ಅವನೊಬ್ಬನೇ ಅಂಗಡಿಗೆ ಹೋಗಿ ಬರುತ್ತಿದ್ದ.

ಒಂದು ದಿನ ಚೀಟಿಯ ಕೊನೆಯಲ್ಲಿ ಮಗಳು ಬರೆದಿದ್ದಳು: ‘ಅದು, ಎರಡು ಪ್ಯಾಕೆಟ್.’

‘ಅದು ಅಂದ್ರೆ ಯಾವುದಮ್ಮ?’

ಮಗಳು ನೆಲ ನೋಡಿದಳು. ಹೆಂಡತಿ ಒಳಗಿನಿಂದಲೇ, ‘ಮೆಡಿಕಲ್‌ನಲ್ಲಿ ಸಿಗುತ್ತೆ ರೀ’ ಅಂದಳು. ಸಾಹುಕಾರನಿಗೆ ತಟ್ಟನೆ ಹೊಳೆಯಿತು. ಜಾಣ ನೋಡಿ! ಏನು ತಂದ? ಎರಡು ಪ್ಯಾಕೆಟ್ ಮಾಸ್ಕ್ ತಂದ.

ನಗಬೇಡಿ. ಆ ಹುಡುಗಿ ನಗಲಿಲ್ಲ. ಹಳೇ ಸೀರೆ ಹರಿದು ಬಟ್ಟೆ ಮಾಡಿಕೊಂಡಳು. ಒಗೆದು ಬಿಸಿಲಿಗೆ ಹಾಕೋಣ ಅಂದ್ರೆ ಮಾಳಿಗೆ ಮೇಲೆ ದಿನವಿಡೀ ಅಪ್ಪ, ಚಿಕ್ಕಪ್ಪ, ಇಸ್ಪೀಟು. ಬೀರುವಿನ ಹಿಂದೆ ಹಾಕಿದಳು. ಅಲ್ಲಿ ಒಣಗುತ್ತಾ? ಹಸಿ ಬಟ್ಟೆಯನ್ನೇ ಕಟ್ಟಿಕೊಂಡಳು. ಒಂದು ತಿಂಗಳು, ಎರಡು ತಿಂಗಳು. ಮೂರನೇ ತಿಂಗಳು ಕಿಬ್ಬೊಟ್ಟೆ ನೋವು, ಮೈ ಸುಡೋ ಜ್ವರ.

ಸಾಹುಕಾರ ಹೆದರಿದ. ಕೊರೋನಾನೇ ಅಂದುಕೊಂಡ. ಮಗಳನ್ನು ಕೋಣೆಯಲ್ಲಿಟ್ಟು, ಬಾಗಿಲ ಹತ್ತಿರ ತಟ್ಟೆ ಇಟ್ಟು, ದೂರ ನಿಂತು ಅತ್ತ. ಟೆಸ್ಟ್ ಮಾಡಿಸಿದರು. ಕೊರೋನಾ ಇಲ್ಲ. ಜ್ವರ ಮಾತ್ರ ಇಳಿಯಲಿಲ್ಲ.

ಆಶಾ ಕಾರ್ಯಕರ್ತೆ ಬಂದಳು. ‘ಮುಟ್ಟಿಗೆ ಏನು ಬಳಸ್ತೀಯಮ್ಮ?’ ಅಂತ ಎಲ್ಲರೆದುರೇ ಕೇಳಿದಳು. ಸಾಹುಕಾರ ಎದ್ದು ಹೊರಟ.

‘ಕೂತ್ಕೊಳ್ಳಿ ಯಜಮಾನ್ರೇ. ಅಂಗಡಿಗೆ ಹೋಗೋರು ನೀವಲ್ವಾ?’

ಕೂತ. ಎಲ್ಲಾ ಕೇಳಿದ. ಅದು ಅಂದರೆ ಪ್ಯಾಡು ಅಂತ ಐವತ್ತು ವರ್ಷಕ್ಕೆ ಗೊತ್ತಾಯಿತು. ‘ಅಯ್ಯೋ ಮಗಳೇ, ಬಾಯಿಬಿಟ್ಟು ಹೇಳಬಾರದಿತ್ತಾ?’

‘ಹೇಳಿದ್ರೆ ಎದ್ದು ಹೋಗ್ತಿದ್ರಿ ಅಪ್ಪಾಜಿ. ಈಗ ಹೊರಟ್ರಲ್ಲ, ಹಾಗೆ.’

ಹಸಿ ಬಟ್ಟೆಯಿಂದ ಒಳಗೆ ಸೋಂಕು ಹತ್ತಿದೆ ಅಂದರು ಡಾಕ್ಟರು. ಎಂಟು ದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಮಾತ್ರೆ. ಹುಡುಗಿ ಉಳಿದಳು. ಇನ್ನೂ ತಡವಾಗಿದ್ದರೆ? ಆ ಮಾತು ಬೇಡ.

ಈಗ ನಿಮ್ಮ ಮನೆಗೆ ಬರೋಣ. ಮುಟ್ಟಿಗೆ ಸೂತಕ ಇಲ್ಲ ಅಂತ ಇಲ್ಲಿ ಪ್ರವಚನಕ್ಕೆ ಕೂತು ನಾನು ಹೇಳ್ತೀನಿ, ನೀವು ತಲೆ ಆಡಿಸ್ತೀರಿ. ಮನೆಯಲ್ಲಿ ಆ ಬಟ್ಟೆಗೆ ಬಿಸಿಲೂ ಇಲ್ಲ! ರೋಗ ಬಂದರೆ ಊರು ನಿಲ್ಲಬಹುದು, ಮುಟ್ಟು ನಿಲ್ಲುತ್ತಾ? ಅಂಗಡಿಗೆ ಹೊರಡೋ ಅಣ್ಣಂದಿರೇ, ಅಕ್ಕಿ ಬೇಕಾ, ಬೇಳೆ ಬೇಕಾ ಅಂತ ಕೇಳೋ ಬಾಯಲ್ಲೇ ಪ್ಯಾಡ್ ಬೇಕಾ ಅಂತಲೂ ಕೇಳಿ. ಬಟ್ಟೆ ಬಳಸೋರಿದ್ದರೆ ಬಿಸಿಲಿರೋ ಹಗ್ಗ ಬಿಟ್ಟುಕೊಡಿ. ನೋವು ಅಂದಾಗ ‘ಇದ್ದದ್ದೇ ಬಿಡು’ ಅನ್ನಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಾಚಿಕೆ ಆಗುತ್ತಾ? ಹಾಗಾದರೆ ಇಲ್ಲೇ ಅಭ್ಯಾಸ ಮಾಡಿ. ಎಲ್ಲಿ, ಗಂಡಸರೆಲ್ಲ ಜೋರಾಗಿ ಹೇಳಿ: ಮುಟ್ಟು.

ಹಿಂದಿನ ಸಾಲು ಕೇಳಿಸಲಿಲ್ಲ. ಇನ್ನೊಂದು ಸಲ.